ಐತ್ವಾರ ಕಟ್ಟಬಾರದ ನಾಯಿ

ನಾಯಿಗೆ ಕೆಲಸವಿಲ್ಲ, ಕೂಡಲು ಹೊತ್ತಿಲ್ಲ ಅಂತ ಹಿರಿಯರು ಗಾದೆ ಮಾಡಿಟ್ಟರಲ್ಲ, ಗಾಳ್ಯಾನನ್ನು ನೋಡಿಯೇ ಮಾಡಿರಬೇಕು. ಹದಿಮೂರು ತಿಂಗಳ ನಾಯಿ. ಮೈಯೆಲ್ಲ ಕಪ್ಪು, ಎದೆ ಮೇಲೆ ಅಂಗೈ ಅಗಲದ ಬಿಳಿ ಮಚ್ಚೆ, ಬಲಗಿವಿ ನೆಟ್ಟಗೆ, ಎಡಗಿವಿ ಮಡಚಿಕೊಂಡಿದ್ದು. ಕುರಿ ಕಾಯುವ ತಳಿ. ಆದರೆ ಅದು ಇದ್ದ ಜಾಗದಲ್ಲಿ ಕುರಿ ಹೋಗಲಿ, ಕುರಿಯ ಹಿಕ್ಕೆ ಕೂಡ ಇರಲಿಲ್ಲ. ಇದ್ದದ್ದು ಬರೀ ಕಲ್ಲು. ಮುನ್ನೂರ ಹನ್ನೆರಡು ಪ್ಲಾಟುಗಳಿಗೆ ಸುಣ್ಣ ಬಳಿದು ನಂಬರು ಬರೆದು ನೆಟ್ಟ ಗಡಿಕಲ್ಲು.

ಹೈದರಾಬಾದಿನ ಉಪ್ಪಲ್‌ನಲ್ಲಿ ಮೆಟ್ರೊ ಇಳಿದು, ಷೇರ್ ಆಟೊದಲ್ಲಿ ಮೊಣಕಾಲು ಮಡಚಿಕೊಂಡು ಅರ್ಧ ತಾಸು ಕೂತರೆ ಆ ಜಾಗ ಬರುತ್ತದೆ. ಹೊಲ ಇದ್ದದ್ದನ್ನು ಸಪಾಟು ಮಾಡಿ, ಕೆಂಪು ಮಣ್ಣಿನ ರಸ್ತೆ ಎಳೆದು, ಬಾಗಿಲಿಗೆ ಎರಡು ಸಿಮೆಂಟಿನ ಆನೆ ನಿಲ್ಲಿಸಿದ್ದರು. ಅಲ್ಲಿಯ ಮಂದಿ ಅದಕ್ಕೆ ವೆಂಚರ್ ಅನ್ನುತ್ತಾರೆ. ಮನೆ ಇನ್ನೂ ಒಂದೂ ಎದ್ದಿರಲಿಲ್ಲ. ಆನೆಗಳ ಹಿಂದೆ ಒಂದು ತಗಡಿನ ಕೋಣೆ, ಕೋಣೆಯಲ್ಲಿ ವಾಚ್‌ಮನ್ ಹಂಪಯ್ಯ, ಹಂಪಯ್ಯನ ಕಾಲಬುಡದಲ್ಲಿ ಗಾಳ್ಯಾ. ಅಷ್ಟೇ ಸಂಸಾರ.

ವಾರದಲ್ಲಿ ಆರು ದಿನ ಅಲ್ಲಿ ಹುಳ ಹಾಯುತ್ತಿರಲಿಲ್ಲ. ಏಳನೆಯ ದಿನ, ಹಂಪಯ್ಯನ ಬಾಯಲ್ಲಿ ಐತ್ವಾರ, ನಿಮ್ಮ ಭಾನುವಾರ, ಪ್ಲಾಟು ನೋಡಲು ಕಾರುಗಳು ಬರುತ್ತಿದ್ದವು. ಆ ದಿನ ಗಾಳ್ಯಾಗೆ ಹಬ್ಬ. ಕಾರಿನಿಂದ ಇಳಿದ ಮಂದಿ ಏನು ಮಾಡುತ್ತಾರೆ, ಚೆದುರುತ್ತಾರೆ. ಯಜಮಾನ ನಲವತ್ತನೇ ನಂಬರಿನ ಕಡೆ, ಅವನ ಹೆಂಡತಿ ಪಾರ್ಕು ಆಗಬೇಕಾದ ಕಡೆ, ಮುದುಕಿ ನೆರಳಿನ ಕಡೆ, ಮಕ್ಕಳು ಮಣ್ಣಿನ ಗುಡ್ಡೆ ಕಡೆ. ಗಾಳ್ಯಾಗೆ ಇದು ನೋಡಲಾಗುತ್ತಿರಲಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಒಂದು ಸುತ್ತು ಓಡಿತೆಂದರೆ, ಒಬ್ಬೊಬ್ಬರ ಹಿಮ್ಮಡಿಗೆ ಮೆಲ್ಲಗೆ ಹಲ್ಲು ತಾಗಿಸುತ್ತ, ಹತ್ತು ನಿಮಿಷದೊಳಗೆ ಅಷ್ಟೂ ಮಂದಿಯನ್ನು ಸಿಮೆಂಟಿನ ಆನೆಯ ಕೆಳಗೆ ತಂದು ಗುಂಪು ಹಾಕುತ್ತಿತ್ತು. ಆಮೇಲೆ ಅವರ ಎದುರು ಮಲಗಿ ನಾಲಗೆ ಹೊರಗೆ ಹಾಕಿ, ಎಲ್ಲರೂ ಬಂದರಲ್ಲ ಎಂಬಂತೆ ನೋಡುತ್ತಿತ್ತು. ಯಾರಾದರೂ ಒಂದು ಹೆಜ್ಜೆ ಹೊರಗಿಟ್ಟರೆ ಎದ್ದು ನಿಲ್ಲುತ್ತಿತ್ತು.

"ಇದೇಂಟಯ್ಯಾ, ಕುಕ್ಕನಾ, ಟ್ರಾಫಿಕ್ ಪೋಲೀಸಾ?" ಇದು ನಾಯಿಯೋ ಪೋಲೀಸೋ ಅಂತ ತೆಲುಗಿನಲ್ಲಿ ಕೇಳಿ ಒಬ್ಬ ಅಜ್ಜ ನಕ್ಕ. ಜೊತೆಗಿದ್ದ ಅಳಿಯ ನಗಲಿಲ್ಲ. ಪ್ಲಾಟು ನೋಡದೆ ಕಾರು ತಿರುಗಿಸಿಕೊಂಡು ಹೋದ.

ಚೇತನಕುಮಾರನಿಗೆ ಉರಿದು ಹೋಯಿತು. ಇವನು ಪ್ಲಾಟು ಮಾರುವ ಮ್ಯಾನೇಜರು. ಹುಟ್ಟಿದ್ದು ಬೀದರಿನ ಕಡೆ. ಗಿರಾಕಿ ಜೊತೆ ತೆಲುಗು, ಮಾಲೀಕರ ಜೊತೆ ಹಿಂದಿ, ಕನ್ನಡ ಮಾತ್ರ ಹಂಪಯ್ಯನನ್ನು ಬೈಯುವುದಕ್ಕೆ ಅಂತ ತೆಗೆದಿಟ್ಟಿದ್ದ.

"ಏನೋ ಹಂಪ್ಯಾ, ಗಿರಾಕಿಗೆ ಪ್ಲಾಟ್ ತೋರ್ಸಾಕ ಕರ್ಕೊಂಡ್ ಬಂದ್ರ ನಿನ್ನ ನಾಯಿ ಎಲ್ಲಾರ್ನೂ ದೊಡ್ಡ್ಯಾಗ ಕೂಡಿ ಹಾಕ್ತೈತಲ್ಲೋ! ಐತ್ವಾರ ಒಂದಿನ ಕಟ್ಟಿ ಹಾಕಾಕ ನಿನಗೇನ್ ಧಾಡಿ?"

"ಐತ್ವಾರ ಕಟ್ಟಂಗಿಲ್ರಿ ಸಾಹೇಬ್ರ. ಉಳಿದ ಆರು ದಿನ ಬೇಕಾದ್ರ ಕಟ್ತೀನ್ರಿ."

"ಉಳಿದ ಆರು ದಿನ ಇಲ್ಲಿ ಯಾರ್ ಬರ್ತಾರೋ, ನಿಮ್ಮಪ್ಪ?"

ನಗಬೇಡಿ, ಬೈಗುಳವಾದರೂ ಕನ್ನಡದಲ್ಲಿ ಬಿತ್ತಲ್ಲ ಅಂತ ಹಂಪಯ್ಯನಿಗೆ ಒಳಗೊಳಗೇ ಒಂದಿಷ್ಟು ಹಿತವಾಗುತ್ತಿತ್ತು. ವಾರಕ್ಕೊಮ್ಮೆ ಎದುರಿಗೆ ನಿಂತ ಮನುಷ್ಯನ ಬಾಯಿಂದ ಅವನ ಕಿವಿಗೆ ಬೀಳುತ್ತಿದ್ದ ಕನ್ನಡ ಅದೊಂದೇ.

ಇನ್ನು ಐತ್ವಾರದ ಮಾತು. ಹಂಪಯ್ಯ ಶಹಾಪುರ ತಾಲೂಕಿನ ಕುರುಬರ ಮನೆಯವನು. ಮನೆದೇವರು ಮೈಲಾಪುರದ ಮಲ್ಲಯ್ಯ. ಮಲ್ಲಯ್ಯನ ವಾರ ಐತ್ವಾರ, ಮಲ್ಲಯ್ಯನ ಬೆನ್ನಿಗೆ ಯಾವಾಗಲೂ ನಾಯಿ. ಅದಕ್ಕೇ ಆ ದಿನ ಅವನ ಮನೆಯಲ್ಲಿ ಹಂಚಿನಿಂದ ಇಳಿದ ಮೊದಲ ರೊಟ್ಟಿ ನಾಯಿಗೆ, ಎರಡನೆಯದರಿಂದ ಮಂದಿಗೆ. ಆ ದಿನ ನಾಯಿಯ ಕೊರಳಿಗೆ ಹಗ್ಗ ಬೀಳಬಾರದು. "ಐತ್ವಾರ ನಾಯಿ ಕಟ್ಟಿದ ಮನಿ ಒಡೀತೈತಿ" ಅಂತ ಅವನ ಅವ್ವ ಹೇಳುತ್ತಿದ್ದಳು.

ಒಡೆಯಲು ಉಳಿದದ್ದಾದರೂ ಏನಿತ್ತು ಅಂತ ನೀವು ಕೇಳಬಹುದು. ಹೆಂಡತಿ ಶಿವದೇವಿ ಕಾಮಾಲೆಯಾಗಿ ತೀರಿಕೊಂಡು ಐದು ವರ್ಷ. ಆಕೆ ಹೋದ ಮೇಲೆ ಕುರಿ ಮಾರಿ ಮಗಳು ಭಾಗ್ಯಶ್ರೀಯ ಮದುವೆ ಮಾಡಿ, ಸೇಡಂಗೆ ಕೊಟ್ಟು, ತಾನು ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು ಗಾರೆ ಕೆಲಸಕ್ಕೆ ಸೇರಿದ್ದ. ಎರಡನೇ ಮಹಡಿಯ ಸೆಂಟ್ರಿಂಗ್ ಕಟ್ಟಿಗೆಯಿಂದ ಜಾರಿ ಬಿದ್ದ. ಬಲಗಾಲಿನಲ್ಲಿ ಮೊಣಕಾಲಿನ ಕೆಳಗೆ ರಾಡು ಕೂತಿತು. ಕಾಲು ಹೋದ ಮೇಲೆ ಕೆಲಸ ಹೋಯಿತು, ಕೆಲಸ ಹೋದ ಮೇಲೆ ಈ ಕಲ್ಲು ಕಾಯುವ ಕೆಲಸ ಬಂತು. ಮಗಳು ವಾರಕ್ಕೊಮ್ಮೆ ಫೋನು ಮಾಡಿ, "ಅಪ್ಪಾ ಉಂಡಿ?" ಅನ್ನುವಳು. "ಉಂಡೀನವ್ವಾ" ಅನ್ನುವನು. ಆ ಕಡೆ ಕುಕ್ಕರು ಕೂಗುವುದು. ಮಾತು ಮುಗಿಯುವುದು. ಹೀಗಾಗಿ ಒಡೆಯುವಂಥದ್ದು ಒಂದು ಉಳಿದಿದ್ದರೆ ಅದು ಗಾಳ್ಯಾ ಒಂದೇ.

ಗಾಳ್ಯಾ ಬಂದದ್ದು ಹೋದ ವರ್ಷ ಸಂಕ್ರಾಂತಿ ಮುಗಿದ ವಾರದಲ್ಲಿ. ನಾರಾಯಣಪೇಟೆ ಕಡೆಯ ಕುರಿಗಾರರು ಭತ್ತದ ಕೊಯ್ಲು ಮುಗಿಯುತ್ತಲೇ ಹಿಂಡು ಹೊಡೆದುಕೊಂಡು ಮೂಡಣಕ್ಕೆ ಹೋಗುತ್ತಾರೆ. ವೆಂಚರಿನ ಆಚೆ ಕಾಲುವೆ ದಾಟಿದರೆ ಇನ್ನೂ ಗದ್ದೆ ಉಳಿದಿವೆ, ಅಲ್ಲಿ ಅವರ ಹಾದಿ. ಹಂಪಯ್ಯ ಗಂಟೆಯ ಸದ್ದು ಕೇಳಿ ಕುಂಟುತ್ತ ಹೋಗಿ ನೋಡಿದರೆ, ಹಿರಿಯ ಕುರಿಗಾರ ಸೂಗಪ್ಪ ಕುರಿಗೆ ಕನ್ನಡದಲ್ಲಿ ಬೈಯುತ್ತಿದ್ದ. ಹಂಪಯ್ಯನ ಕಣ್ಣು ತುಂಬಿದವು. ಅಂದು ಇಡೀ ಮಧ್ಯಾಹ್ನ ಅಲ್ಲೇ ಕೂತು ಮಾತಾಡಿದ, ಬಾಯಿ ನೋಯುವಷ್ಟು ಮಾತಾಡಿದ.

ಸೂಗಪ್ಪನ ಹೆಣ್ಣುನಾಯಿ ಹಾದಿಯಲ್ಲಿ ಐದು ಮರಿ ಹಾಕಿತ್ತು. ಐದನ್ನೂ ಹೊತ್ತು ನಡೆಯುವುದು ಕಷ್ಟ. ಕುರಿಗಾರರು ಮರಿ ಮಾರುವುದಿಲ್ಲ. ತಾಯಿಗೆ ಒಂದು ರೊಟ್ಟಿ ತಿನ್ನಿಸಿ ಮರಿ ಎತ್ತಿಕೊಳ್ಳಬೇಕು, ಅದೇ ಕ್ರಮ. ಹಂಪಯ್ಯ ತನ್ನ ಬುತ್ತಿಯ ರೊಟ್ಟಿ ತಿನ್ನಿಸಿದ. ಎತ್ತಿಕೊಂಡ.

"ತಮ್ಮಾ, ಒಂದ್ ಮಾತು ನೆಪ್ಪಿಡು" ಅಂದ ಸೂಗಪ್ಪ. "ಮೊದಲಿನ ಎರಡು ತಿಂಗಳು ಮರಿ ಯಾರ ಮಗ್ಗಲಾಗ ಮಲಗ್ತೈತಿ, ಅದನ್ನ ತನ್ನ ಹಿಂಡು ಅಂತ ತಿಳ್ಕೊಂತೈತಿ. ಒಂದ್ ಆಡಿನ ಮರಿ ತಂದು ಅದರ ಸಂಗಾಟ ಮಲಗ್ಸು. ನಿನ್ನ ಹಾಸಿಗ್ಯಾಗ ಮಾತ್ರ ತಗೋಬ್ಯಾಡ."

"ಹೂಂ ಅಣ್ಣಾ" ಅಂದ ಹಂಪಯ್ಯ. ಅವನಿಗೇನು ಗೊತ್ತಿಲ್ಲದ ಮಾತೇ? ಕುರುಬರ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತು. ಆದರೂ ಅಂದೇ ಮರಿಯನ್ನು ತನ್ನ ಕರಿ ಕಂಬಳಿಯೊಳಗೆ ಎಳೆದುಕೊಂಡ. ಮರಿಗೆ ಥಂಡಿ ಅಂತ ತನಗೆ ತಾನೇ ಹೇಳಿಕೊಂಡ. ಖರೆ ಹೇಳಬೇಕೆಂದರೆ ಥಂಡಿ ಮರಿಗಲ್ಲ, ಹಂಪಯ್ಯನಿಗೆ. ನಾಲ್ಕು ವರ್ಷದಿಂದ ಮಗ್ಗುಲಲ್ಲಿ ಇನ್ನೊಂದು ಜೀವದ ಉಸಿರು ಕೇಳಿರಲಿಲ್ಲ.

ಹಾಗೆ ಬೆಳೆದದ್ದು ಅದು. ಬೆಳಗಾದರೆ ಇಬ್ಬರೂ ತಿರುಗಲು ಹೊರಡುವರು. ಗಾಳ್ಯಾ ಬಾಣ ಬಿಟ್ಟ ಹಾಗೆ ಓಡುವುದು, ಹಂಪಯ್ಯ ಕೋಲೂರಿ ನಡೆಯುವನು. ಕಾಗೆಗಳನ್ನು ಗುಂಪು ಹಾಕಲು ಹೋಗಿ ಅವು ಹಾರಿದಾಗ ಮೇಲೆ ನೋಡುತ್ತ ನಿಲ್ಲುವುದು. ಜಾಲಿ ಪೊದೆಯಿಂದ ಗೌಜುಗ ಎಬ್ಬಿಸುವುದು. ಉಡದ ಬಿಲಕ್ಕೆ ಮೂತಿ ಹಾಕಿ ಮೂಗು ಹರಿದುಕೊಂಡು ಬರುವುದು. ಒಮ್ಮೆ ಕಲ್ಲು ಕ್ವಾರಿಯ ಹೊಂಡಕ್ಕೆ ಬಿದ್ದು, ಈಜಿ ಬಂದು ಹಂಪಯ್ಯನ ಮೈಮೇಲೆಯೇ ನೀರು ಕೊಡವಿತು. ಮಣ್ಣು ತೋಡುವ ಜೆಸಿಬಿಯ ಹಿಂದಿನ ಗಾಲಿಗೆ ಬಾಯಿ ಹಾಕಿ, ಅದನ್ನೂ ತಿರುವಲು ನೋಡಿ, ಡ್ರೈವರನ ಕೈಲಿ ಬೈಸಿಕೊಂಡಿತು.

"ಗಾಳ್ಯಾ, ನಿನಗ ತಲಿ ಐತೋ ಇಲ್ಲೋ? ಜೆಸಿಬಿ ಏನ್ ಟಗರೇನೋ?" ಅಂತ ಹಂಪಯ್ಯ ಕೇಳುವನು. ಗಾಳ್ಯಾ ಬಾಲ ಬಡಿಯುವುದು. ಇವನ ಮಾತಿಗೆ ಬಾಲ ಬಡಿಯುವವರು ಇಡೀ ಹೈದರಾಬಾದಿನಲ್ಲಿ ಬೇರೆ ಯಾರಿದ್ದರು ಹೇಳಿ. ಶಿವದೇವಿ ಮಾಡುತ್ತಿದ್ದ ಪುಂಡಿಪಲ್ಯದ ರುಚಿ, ಸೇಡಂನ ಬೀಗರ ಸೊಕ್ಕು, ಕಾಲಿನ ನೋವು, ಎಲ್ಲ ಅದರ ಕಿವಿಗೆ ಬಿದ್ದವು. ಮಡಚಿದ ಎಡಗಿವಿಗೇ ಹೆಚ್ಚು ಬಿದ್ದವು, ಯಾಕಂದರೆ ಅದು ಅವನ ಬಲಕ್ಕೆ ಕೂಡುತ್ತಿತ್ತು.

ಐತ್ವಾರ ಮಾತ್ರ ಚೇತನಕುಮಾರ ಬರುವ ಮುಂಚೆಯೇ, ಕಟ್ಟುವ ಮಾತೇ ಬೇಡ ಅಂತ, ಪಕ್ಕದ ವೆಂಚರಿನ ವಾಚ್‌ಮನ್ನಿಗೆ ಗೇಟು ಒಪ್ಪಿಸಿ ಹಂಪಯ್ಯ ನಾಯಿಯನ್ನು ಮೂಸಿ ನದಿಯ ದಂಡೆಗೆ ಕರೆದೊಯ್ಯತೊಡಗಿದ. ಅಲ್ಲಿ ಎಮ್ಮೆಗೆಂದು ಬೆಳೆಸಿದ ಹಸಿರು ಹುಲ್ಲು ಎದೆಮಟ್ಟ. ಮೊದಲ ಐತ್ವಾರ ಮೂವತ್ತು ಎಮ್ಮೆ ಹೊಂಡದಲ್ಲಿ ಮೂಗು ಮಾತ್ರ ತೋರಿಸಿ ಮಲಗಿದ್ದವು. ಗಾಳ್ಯಾ ಅವುಗಳನ್ನು ಕಂಡು ಒಂದು ಗಳಿಗೆ ಕಲ್ಲಾಯಿತು. ಮರುಗಳಿಗೆ ನೀರಿಗೆ ಹಾರಿತು. ಆ ಎಮ್ಮೆಗಳ ಜನ್ಮದಲ್ಲಿ ಅಷ್ಟು ಚುರುಕಾಗಿ ಅವು ಎದ್ದಿರಲಿಕ್ಕಿಲ್ಲ. ಮೂವತ್ತೂ ಸಾಲಾಗಿ ದಂಡೆಗೆ ಬಂದು ನಿಂತವು.

"ಅರೆ ಚಾಚಾ, ತುಮಾರಾ ಕುತ್ತಾ ತೋ ಪೂರಾ ಹೌಲಾ ಹೈ!" ಅಂತ ಎಮ್ಮೆ ಸಾಕುವ ತಬೇಲಾದವನು ಬಿದ್ದು ಬಿದ್ದು ನಕ್ಕ. ಹುಚ್ಚು ನಾಯಿ ಅಂದರೂ ಒಂದು ಲೋಟ ಹಾಲು ಕೊಟ್ಟ. ಅಂದು ಹಂಪಯ್ಯನಿಗೆ ಮಗ ಪಾಸಾದಷ್ಟು ಹೆಮ್ಮೆಯಾಯಿತು. ಆದರೆ ಬರುವಾಗ ಕಾಲು ನಡುಹಾದಿಯಲ್ಲೇ ಮುಷ್ಕರ ಹೂಡಿತು. ಒಂದು ಕಲ್ಲಿನ ಮೇಲೆ ಕೂತ. ಗಾಳ್ಯಾ ಇನ್ನೂರು ಮಾರು ಮುಂದೆ ಹೋಗಿ, ಹಿಂದೆ ನೋಡಿ, ವಾಪಸು ಬಂದು ಅವನ ಹಿಮ್ಮಡಿಗೆ ಹಲ್ಲು ತಾಗಿಸಿತು. ಎದ್ದು ನಾಲ್ಕು ಹೆಜ್ಜೆ ಇಟ್ಟ. ಮತ್ತೆ ಕೂತ. ಮತ್ತೆ ಬಂತು. ಮನೆ ಮುಟ್ಟುವ ತನಕ ಹಾಗೆಯೇ ಅವನನ್ನು ಹೊಡೆದುಕೊಂಡು ಬಂತು.

ಅವನಿಗೆ ಅನುಮಾನ ಹುಟ್ಟಿದ್ದು ಅಂದೇ. ಖಾತ್ರಿಯಾದದ್ದು ಕೋಠಿಗೆ ಹೊರಟ ದಿನ.

ಕಾಲಿನ ಗುಳಿಗೆ ಶಹರದ ನಡುವಿನ ಕೋಠಿಯ ಒಂದು ಅಂಗಡಿಯಲ್ಲೇ ಸಿಗುತ್ತಿದ್ದವು, ತಿಂಗಳಿಗೊಮ್ಮೆ ಹೋಗಿ ತರಬೇಕು. ಆ ದಿನ ಬುಧವಾರ, ಗಾಳ್ಯಾನನ್ನು ಕೋಣೆಯಲ್ಲಿ ಕೂಡಿ ಚಿಲಕ ಹಾಕಿ ಷೇರ್ ಆಟೊ ಹತ್ತಿದ. ಮೇನ್ ರೋಡಿಗೆ ಬಂದಾಗ ಹಿಂದೆ ಕೂತ ಹೆಂಗಸು ಚೀರಿದಳು. ತಿರುಗಿ ನೋಡಿದರೆ, ತಗಡು ಕಿತ್ತು ಹೊರಬಿದ್ದ ಗಾಳ್ಯಾ ಆಟೊದ ಪಕ್ಕದಲ್ಲೇ ಓಡುತ್ತಿತ್ತು. ಓಡುತ್ತ ಓಡುತ್ತ ಮುಂದೆ ಹೋಗಿ, ಆಟೊ ತಿರುವಲೆಂದು ರಸ್ತೆ ನಡುವೆ ನೆಲಕ್ಕೆ ಹೊಟ್ಟೆ ಹಚ್ಚಿ ನಿಂತಿತು. ಹಿಂದಿನಿಂದ ಸಿಮೆಂಟಿನ ಲಾರಿ ಬರುತ್ತಿತ್ತು. ಬ್ರೇಕಿನ ಸದ್ದಿಗೆ ಹಂಪಯ್ಯ ಆಟೊದಿಂದ ಅರ್ಧ ಹೊರಗೆ ಬಾಗಿದ. ಲಾರಿ ನಿಂತಿತು, ಗಾಲಿಗೂ ನಾಯಿಗೂ ನಡುವೆ ಒಂದು ಗೇಣು. ಡ್ರೈವರ್ ಅವನ ವಂಶವನ್ನೆಲ್ಲ ಎತ್ತಿ ಆಡಿದ. ಗಾಳ್ಯಾ ಅದ್ಯಾವುದಕ್ಕೂ ಕಿವಿಗೊಡದೆ, ಆಟೊದಿಂದ ಇಳಿದ ಹಂಪಯ್ಯನ ಹಿಮ್ಮಡಿಗೆ ಹಲ್ಲು ಹಚ್ಚಿ ಮನೆ ಕಡೆ ತಿರುವಿತು.

ಅಂದು ಕೋಣೆಯ ಮುಂದೆ ಕೂತು ಹಂಪಯ್ಯ ಅತ್ತ. ಗಂಡಸು ಅಳಬಾರದು ಅಂತ ಯಾರಾದರೂ ಹೇಳುವುದಿದ್ದರೆ ಅಲ್ಲಿ ಬಂದು ಹೇಳಲಿ, ಅಲ್ಲಿ ಯಾರೂ ಇರಲಿಲ್ಲ. ಮುನ್ನೂರು ಕುರಿ ಸುತ್ತಬೇಕಾದ ನಾಯಿಗೆ ತಾನೊಬ್ಬ ಕುಂಟನನ್ನು ಹಿಂಡು ಮಾಡಿ ಕೊಟ್ಟೆನಲ್ಲ ಎಂಬ ಸಂಕಟ ಅವನದು. ಒಂದು ಆಡಿನ ಮರಿ ತಂದಿದ್ದರೆ ಆಗುತ್ತಿತ್ತು. ತರಲಿಲ್ಲ. ಸೂಗಪ್ಪ ಹೇಳಿದ್ದರೂ ತರಲಿಲ್ಲ.

"ನಿನ್ನ ಹಾಳ ಮಾಡಿದ್ನೆಲ್ಲೋ ಗಾಳ್ಯಾ" ಅಂದ. ಬಾಲ ಬಡಿಯಿತು.

ಆಮೇಲೆ ಎರಡು ತಿಂಗಳು ಕೋಠಿಗೆ ಹೋಗಲಿಲ್ಲ. ಗುಳಿಗೆ ತೀರಿದವು. ಕಾಲು ಬಾತು ಕುಂಬಳವಾಯಿತು. ಮೂಸಿ ದಂಡೆ ಬಿಡಿ, ನೂರನೇ ನಂಬರಿನ ಕಲ್ಲು ಮುಟ್ಟುವಷ್ಟಕ್ಕೆ ಉಸ್ಸೆನ್ನುವ ಹಾಗಾಯಿತು. ಗಾಳ್ಯಾ ಆ ನೂರು ಕಲ್ಲುಗಳ ಸುತ್ತ, ಅವನ ಸುತ್ತ, ದಿನವಿಡೀ ತಿರುಗುತ್ತಿತ್ತು.

ಪುಷ್ಯ ಮಾಸ ಬಂತು. ಚೇತನಕುಮಾರನೂ ಬಂದ.

"ಬರೋ ಐತ್ವಾರ ದೊಡ್ಡ ಮೇಳ ಐತಿ. ನೂರು ಫ್ಯಾಮಿಲಿ ಬರ್ತಾವ. ಶಾಮಿಯಾನ, ಬಿರಿಯಾನಿ, ಎಲ್ಲಾ. ಹತ್ತಕ್ಕ ನಾ ಬರ್ತೀನಿ, ಗೇಟಿನ್ಯಾಗ ನೀನ ಇರಬೇಕು. ನಾಯಿ ಕಟ್ಟಿರಬೇಕು. ಬಿಚ್ಚಿದ್ದು ಕಣ್ಣಿಗೆ ಬಿತ್ತಂದ್ರ ನಾಯಿ ಹಿಡಿಯೋ ಗಾಡಿ ಕರೆಸ್ತೀನಿ. ಮತ್ತ ಮಲ್ಲಯ್ಯ ಗಿಲ್ಲಯ್ಯ ಅಂತ ನನ್ನ ಮುಂದ ಊದಬ್ಯಾಡ."

"ಸಾಹೇಬ್ರ…"

"ಕಟ್ಟು. ಅಷ್ಟ."

ಐತ್ವಾರ ಬೆಳಗಾಯಿತು. ಹಂಪಯ್ಯ ರೊಟ್ಟಿ ಬಡಿದ. ಮೊದಲ ರೊಟ್ಟಿ ಹರಿದು ಗಾಳ್ಯಾಗೆ ಹಾಕಿದ. ತಾನು ತಿನ್ನಲಿಲ್ಲ. ಹಗ್ಗ ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ಕೂತ. ಕಟ್ಟಿದರೆ ಮಲ್ಲಯ್ಯ, ಕಟ್ಟದಿದ್ದರೆ ನಾಯಿ ಗಾಡಿ. ಅತ್ತ ದರಿ, ಇತ್ತ ಪುಲಿ. ಆ ಕಡೆ ಶಾಮಿಯಾನದವರು ಕಂಬ ನೆಡುತ್ತಿದ್ದರು. ಗಾಳ್ಯಾ ಅವರನ್ನು ಗುಂಪು ಹಾಕುವ ಯೋಚನೆಯಲ್ಲಿ ಮೂತಿ ಎತ್ತಿತ್ತು.

ಅಷ್ಟರಲ್ಲಿ ಅದರ ಎಡಗಿವಿ ಎದ್ದು ನಿಂತಿತು. ಹುಟ್ಟಿದಾಗಿನಿಂದ ಮಡಚಿಕೊಂಡಿದ್ದ ಕಿವಿ. ಹಂಪಯ್ಯ ಬೆರಗಾಗಿ ನೋಡುತ್ತಿದ್ದಂತೆ ಅವನ ಕಿವಿಗೂ ಬಿತ್ತು, ಕಾಲುವೆಯ ಆಚೆಯಿಂದ ಗಂಟೆಯ ಸದ್ದು. ಮರುಗಳಿಗೆ ಗಾಳ್ಯಾ ಇರಲಿಲ್ಲ. ಕೆಂಪು ಧೂಳು ಇತ್ತು, ಅಷ್ಟೇ.

ಹಂಪಯ್ಯ ಕಂಬಳಿ ಹೆಗಲಿಗೆ ಹಾಕಿಕೊಂಡು, ಕೋಲು ಹಿಡಿದು ಹೊರಟ. ಗದ್ದೆಯ ಬದುವಿನ ಮೇಲೆ ಬಾತ ಕಾಲು ಎಳೆಯುತ್ತ, ನಾಲ್ಕು ಕಡೆ ಕೂತು, ಎದ್ದು, ಅಂತೂ ಮುಟ್ಟಿದ. ಕೊಯ್ದ ಗದ್ದೆಯಲ್ಲಿ ಹಿಂಡು ಹರಡಿತ್ತು. ಸೂಗಪ್ಪ ಕೋಲಿಗೆ ಗದ್ದ ಊರಿ ನಿಂತಿದ್ದ. ಅವನ ಹೆಂಡತಿ ಗುಂಡಮ್ಮ ಮೂರು ಕಲ್ಲು ಹೂಡಿ ಒಲೆ ಹಚ್ಚಿದ್ದಳು.

"ಇದ್ಯಾರ ನಾಯಿ ಬಂದು ನಮ್ಮ ಹಿಂಡು ತಿರುವಾಕತ್ತೈತಿ ಅಂತ ನೋಡಾಕತ್ತಿದ್ದೆ ತಮ್ಮಾ" ಅಂದ ಸೂಗಪ್ಪ. "ನನಗ ಗುರ್ತು ಹತ್ತಲಿಲ್ಲ. ತಾಯಿ ಮೂಸಿ ನೋಡಿ ಗುರ್ತು ಹಿಡೀತು."

ಹಂಪಯ್ಯ ನೋಡಿದ. ಗಾಳ್ಯಾ ಓಡುತ್ತಿತ್ತು. ಒಂದು ವರ್ಷದಲ್ಲಿ ಅದು ಸಾವಿರ ಸಲ ಓಡಿದ್ದನ್ನು ನೋಡಿದ್ದ, ಆದರೆ ಇದು ಆ ಓಟವಲ್ಲ. ಯಾರೂ ಕಲಿಸಿರಲಿಲ್ಲ. ಸೂಗಪ್ಪ ಒಂದು ಸಿಳ್ಳು ಹಾಕಿದರೆ ಎಡಕ್ಕೆ, ಎರಡು ಹಾಕಿದರೆ ಬಲಕ್ಕೆ, ಅರ್ಧ ತಾಸಿನಲ್ಲೇ ಕಲಿತುಬಿಟ್ಟಿತ್ತು. ಬದು ಹಾರಿ ಹೋಗಿದ್ದ ಪುಂಡ ಟಗರನ್ನು ಮೂತಿಯಿಂದ ನೂಕಿ ತಂದಿತು. ಮುನ್ನೂರು ಕುರಿ ಒಂದು ಮೈಯಾಗಿ ತಿರುಗಿದವು. ಹಂಪಯ್ಯನಿಗೆ ನಗು ಬಂತು, ಅಳುವೂ ಬಂತು.

ಗುಂಡಮ್ಮ ರೊಟ್ಟಿ, ಪುಂಡಿಪಲ್ಯ ಕೊಟ್ಟ ಮೇಲೆ ಕೂತು ಉಂಡ. ಊರಿನ ಮಾತಾಯಿತು, ಮಳೆಯ ಮಾತಾಯಿತು. ಎಷ್ಟು ದಿನವಾಗಿತ್ತು ಅವನ ಮಾತಿಗೆ ಮಾತು ಬಂದು! ಆದರೆ ನಾಲ್ಕು ತುತ್ತು ಇಳಿಯುವುದರೊಳಗೆ ಗಾಳ್ಯಾ ಹಿಂಡು ಬಿಟ್ಟು ಬಂತು. ಅವನ ಹಿಂದೆ ನಿಂತು ಹಿಮ್ಮಡಿಗೆ ಹಲ್ಲು ಹಚ್ಚಿತು. ಅವನು ಏಳುವ ತನಕ ಬಿಡಲಿಲ್ಲ. ಎದ್ದವನನ್ನು ತಿರುವಿಕೊಂಡು ಹೋಗಿ, ಕುರಿಗಳ ನಟ್ಟ ನಡುವೆ ನಿಲ್ಲಿಸಿ, ಹೋಗಿ ತನ್ನ ಕೆಲಸಕ್ಕೆ ಹತ್ತಿತು.

ಕುರಿಗಳ ನಡುವೆ ರೊಟ್ಟಿ ಹಿಡಿದು ನಿಂತ ಹಂಪಯ್ಯನನ್ನು ನೋಡಿ ಗುಂಡಮ್ಮ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಸೂಗಪ್ಪ ನಗಲಿಲ್ಲ.

"ಮಗ್ಗಲಾಗ ಮಲಗ್ಸಿಕೊಂಡಿ, ಹೌದಿಲ್ಲೋ?"

"ಹೂಂ ಅಣ್ಣಾ."

"ಹೇಳಿದ್ನೆಲ್ಲ."

"ಹೇಳಿದ್ದಿ ಅಣ್ಣಾ."

ಸೂಗಪ್ಪ ಕೋಲೆತ್ತಿ ತಾಯಿನಾಯಿಯ ಕಡೆ ತೋರಿಸಿದ. ಆಮೇಲೆ, "ಇದರ ತಾಯಿಗಿ ವಯಸ್ಸಾತು. ನಮಗ ಒಂದು ಪ್ರಾಯದ ನಾಯಿ ಬೇಕಾಗೈತಿ. ಹಂಗಂತ ಕೊಟ್ಟ ಮರಿ ಹೊಳ್ಳಿ ಕೇಳೋ ಜಾತಿ ಅಲ್ಲ ನಮ್ಮದು. ನೀನೂ ಬಾ ಅಂತ ಕರೀತಿದ್ದೆ…" ಅಂದು ಹಂಪಯ್ಯನ ಕಾಲಿನ ಕಡೆ ನೋಡಿ ಮಾತು ನಿಲ್ಲಿಸಿದ. ದಿನಕ್ಕೆ ಮೂರು ಹರದಾರಿ ನಡೆಯುವ ಬದುಕು ಅವರದು. ಇಲ್ಲಿಗೆ ಬರುವುದಕ್ಕೇ ಇವನು ನಾಲ್ಕು ಕಡೆ ಕೂತಿದ್ದ.

"ಬರೋ ಹಂಗಿದ್ರ ನೀ ಕರೀಲಿ ಅಂತ ಕಾಯ್ತಿದ್ದಿಲ್ಲಣ್ಣಾ" ಅಂದ ಹಂಪಯ್ಯ.

ಆಮೇಲೆ ಅವನು ಹೇಳಬೇಕಾದ್ದನ್ನು ಹೇಳಿದ. "ಇಟ್ಕೋ ಅಣ್ಣಾ ಇದನ್ನ. ಅಲ್ಲಿದ್ರ ಇವತ್ತಿಲ್ಲ ನಾಳೆ ಲಾರಿ ಪಾಲು. ಇಲ್ಲಾ ಗಾಡಿ ಪಾಲು. ಎರಡೂ ತಪ್ಪಿದ್ರ ನನ್ನ ಕಾಲಿನ ಪಾಲು." ಕೋಲೂರಿ ಹೊರಟ.

ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ಹಿಮ್ಮಡಿಗೆ ಹಲ್ಲು. ತಿರುವಿಕೊಂಡು ಬಂತು. ಮತ್ತೆ ಹೊರಟ. ಈ ಸಲ ಹಿಂಡು ಆಚೆ ಬದುವಿಗೆ ಹೋದಾಗ, ಗಾಳ್ಯಾ ಬೆನ್ನು ಹಾಕಿದಾಗ, ಕಳ್ಳನ ಹಾಗೆ ಹೊರಟ. ಹೊಟ್ಟೆ ನೆಲಕ್ಕೆ ಹಚ್ಚಿ ಅಡ್ಡ ಬಂದು ನಿಂತಿತು. ತಂದು ಕುರಿಗಳ ನಡುವೆ ನಿಲ್ಲಿಸಿತು. ಮೂರನೆಯ ಸಲ ಹಲ್ಲು ತುಸು ಗಟ್ಟಿಯಾಗಿಯೇ ಬಿತ್ತು, ಹಿಮ್ಮಡಿಯಲ್ಲಿ ರಕ್ತ ಒಸರಿತು. ಸಿಟ್ಟಿನ ಕಡಿತವಲ್ಲ. ಹಿಂಡಿನಿಂದ ಮತ್ತೆ ಮತ್ತೆ ತಪ್ಪಿಸಿಕೊಳ್ಳುವ ಕುರಿಗೆ ಬುದ್ಧಿ ಕಲಿಸುವ ಕಡಿತ.

"ಅಣ್ಣಾ, ಹಗ್ಗ ಐತೇನು?" ಅಂದ ಹಂಪಯ್ಯ.

"ಯಾಕೋ?"

"ಕಟ್ಟಬೇಕು."

ಗುಂಡಮ್ಮ ಒಲೆ ಬಿಟ್ಟು ಎದ್ದಳು. ಅವರೂ ಮಲ್ಲಯ್ಯನ ಒಕ್ಕಲೇ. "ಅಯ್ಯ ನನ್ನಪ್ಪಾ, ಇವತ್ತು ಐತ್ವಾರ ಐತೆಲ್ಲೋ!"

"ಗೊತ್ತೈತಿ ಅಕ್ಕಾ."

"ನಾ ಕಟ್ಟಂಗಿಲ್ಲ ತಮ್ಮಾ" ಅಂದ ಸೂಗಪ್ಪ. "ನಾಳಿ ತನಕ ಇರು. ಸೋಮವಾರ ಕಟ್ಟಿ ಹೋಗು."

"ಹತ್ತಕ್ಕ ಗೇಟಿನ್ಯಾಗ ಇರಬೇಕಣ್ಣಾ. ಮತ್ತ, ನಾಳಿ ತನಕ ಇದ್ರ ನನ್ನ ಕೈಲೆ ಕಟ್ಟಾಕ ಆಗಂಗಿಲ್ಲ. ನೀ ಕಟ್ಟಬ್ಯಾಡ, ನಾ ಕಟ್ತೀನಿ. ಪಾಪ ಬಂದ್ರ ನನಗ ಬರ್ಲಿ."

ಗದ್ದೆಯ ಅಂಚಿಗೆ ಒಂದು ಜಾಲಿ ಗಿಡ. ಹಂಪಯ್ಯ ಅದರ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂಡಲಾರದೆ ಕಾಲು ಚಾಚಿ ಕೂತು, "ಗಾಳ್ಯಾ" ಅಂದ. ಓಡಿ ಬಂತು. ಉಳಿದ ದಿನ ಆಗೀಗ ಕಟ್ಟಿಸಿಕೊಂಡು ರೂಢಿ ಇದ್ದ ನಾಯಿ, ತಾನೇ ಕೊರಳು ಚಾಚಿತು. ಹಂಪಯ್ಯ ಗಂಟು ಹಾಕಿದ. ಬಿಗಿದು ನೋಡಿದ. ಇನ್ನೊಂದು ಗಂಟು ಹಾಕಿದ. ಮಲ್ಲಯ್ಯಾ, ತಪ್ಪು ನನ್ನದು, ಅದರ ಮೇಲೆ ಹಾಕಬೇಡ ಅಂತ ಬಾಯಿಬಿಟ್ಟೇ ಹೇಳಿದ.

ಹೆಗಲ ಮೇಲಿನ ಕಂಬಳಿ ತೆಗೆದು ಗುಂಡಮ್ಮನ ಕೈಗೆ ಕೊಟ್ಟ. "ಕುರಿಮರಿಗುಳ ನಡುವ ಹಾಸ್ರಿ ಅಕ್ಕಾ. ನನ್ನ ವಾಸನಿ ಐತಿ ಇದರಾಗ. ಅವುಗಳ ಸಂಗಾಟ ಇದರ ಮ್ಯಾಲ ನಾಕು ದಿನ ಮಲಗಿದ್ರ, ಅವ ಅದರ ಹಿಂಡು ಆಗ್ತಾವ. ನಾಳಿ ದೂರ ಹೋದ ಮ್ಯಾಲ ಬಿಚ್ಚು ಅಣ್ಣಾ."

"ಪುಷ್ಯದ ಥಂಡ್ಯಾಗ ನೀ ಏನ್ ಹೊದಿತಿ?" ಅಂತ ಗುಂಡಮ್ಮ ಕೇಳಿದಳು. ಹಂಪಯ್ಯ ಕೋಲು ಎತ್ತಿಕೊಂಡ.

ಹೊರಟ. ಹತ್ತು ಹೆಜ್ಜೆಗೆ ಹಿಂದಿನಿಂದ ಒಂದು ಕುಂಯ್ ಸದ್ದು. ಇಪ್ಪತ್ತಕ್ಕೆ ಬೊಗಳು. ಐವತ್ತಕ್ಕೆ ಜಾಲಿ ಗಿಡವೇ ಕಿತ್ತು ಬರುವ ಹಾಗೆ ಬೊಗಳು. ಇಷ್ಟು ದಿನದಲ್ಲಿ ಗಾಳ್ಯಾ ಹೀಗೆ ಬೊಗಳಿದ್ದನ್ನು ಅವನು ಕೇಳಿರಲಿಲ್ಲ, ಅದು ಬೊಗಳುವ ನಾಯಿಯೇ ಅಲ್ಲ. ಹಂಪಯ್ಯ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಿ ಬಿಚ್ಚುತ್ತಿದ್ದ, ಅದು ಅವನಿಗೂ ಗೊತ್ತಿತ್ತು, ನಿಮಗೂ ಗೊತ್ತಿರಲಿ. ಕಾಲುವೆ ದಾಟುವ ತನಕ ಆ ಬೊಗಳು ಕೇಳುತ್ತಿತ್ತು. ಆಮೇಲೆ ಶಾಮಿಯಾನದ ಸ್ಪೀಕರಿನ ಹಾಡು ಅದನ್ನು ನುಂಗಿತು.

ಗೇಟಿಗೆ ಬಂದಾಗ ಹತ್ತಾಗಿ ಐದು ನಿಮಿಷ. ಚೇತನಕುಮಾರ ಹೊಸ ಅಂಗಿ ತೊಟ್ಟು ನಿಂತಿದ್ದ.

"ನಾಯಿ ಎಲ್ಲೈತೋ?"

"ಕಟ್ಟೀನ್ರಿ."

ಚೇತನಕುಮಾರನಿಗೆ ನಂಬಿಕೆ ಬರಲಿಲ್ಲ. "ಐತ್ವಾರ? ನೀನು?"

"ಹೂಂರಿ. ನನ್ನ ಕೈಯಾರೆ ಕಟ್ಟೀನ್ರಿ."

"ನೋಡಿದ್ಯಾ!" ಅಂತ ಅವನು ಹಂಪಯ್ಯನ ಬೆನ್ನಿಗೆ ಬಡಿದ. ಮೊದಲ ಸಲ ಬೈಗುಳವಿಲ್ಲದ ಕನ್ನಡದಲ್ಲಿ ಮಾತಾಡಿದ. "ಮುಗಿಲು ಹರ್ಕೊಂಡು ಬಿತ್ತೇನು? ಇಷ್ಟು ದಿನ ಸುಮ್ಮಸುಮ್ಮನ ಹಟ ಹಿಡಿದಿ. ಹೋಗು, ಬಿರಿಯಾನಿ ಉಣ್ಣು."

ಕಾರುಗಳು ಬಂದವು. ಮಂದಿ ಇಳಿದರು, ಇಳಿದು ಚೆದುರಿದರು. ಯಜಮಾನರು ಒಂದು ಕಡೆ, ಹೆಂಗಸರು ಒಂದು ಕಡೆ, ಮುದುಕರು ಒಂದು ಕಡೆ, ಮಕ್ಕಳು ಮಣ್ಣಿನ ಗುಡ್ಡೆ ಕಡೆ. ಮುನ್ನೂರ ಹನ್ನೆರಡು ಪ್ಲಾಟುಗಳ ತುಂಬ ಬೇಕಾದ ಹಾಗೆ ಓಡಾಡಿದರು, ಯಾರನ್ನೂ ಯಾರೂ ತಡೆಯಲಿಲ್ಲ. ವ್ಯಾಪಾರ ಭರ್ಜರಿಯಾಯಿತು ಅಂತ ಆಮೇಲೆ ಹೇಳಿದರು.

ಮಧ್ಯಾಹ್ನ ಗೇಟು ತುಸು ಖಾಲಿಯಾದಾಗ ಹಂಪಯ್ಯ ನಡೆಯತೊಡಗಿದ. ಎಲ್ಲಿಗೆ ಅಂತ ಅವನಿಗೂ ಗೊತ್ತಿರಲಿಲ್ಲ. ನೂರನೇ ಕಲ್ಲು ದಾಟಿದ. ಇನ್ನೂರನೆಯದು ದಾಟಿದ. ಕೂತು ಎದ್ದು, ಕೂತು ಎದ್ದು, ಕಟ್ಟಕಡೆಯ ಮೂಲೆಯ ಮುನ್ನೂರ ಹನ್ನೆರಡನೇ ಕಲ್ಲಿನ ಹತ್ತಿರ ಬಂದ. ಗಾಳ್ಯಾ ಅವನನ್ನು ಒಬ್ಬನನ್ನೇ ಇಷ್ಟು ದೂರ ಬಿಟ್ಟದ್ದೇ ಇಲ್ಲ. ಹಿಮ್ಮಡಿಯ ಗಾಯ ಒಣಗಿ ಸಣ್ಣಗೆ ಎಳೆಯುತ್ತಿತ್ತು.

ಅಲ್ಲಿ ನಿಂತ. ಬೆನ್ನ ಹಿಂದೆ ಏನಾದರೂ ಸದ್ದಾದೀತು ಅಂತ ಭಾಳ ಹೊತ್ತು ನಿಂತ. ಅವನನ್ನು ತಿರುವಿಕೊಂಡು ಹೋಗಲು ಯಾರೂ ಬರಲಿಲ್ಲ.